ಒಂದೇ ಸಲ ಕೇಳಿದವನು

ನನ್ನ ತಮ್ಮ ವೆರ್ಲಿನ್ ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವಾಗ ಡಬ್ಬದ ಮುಚ್ಚಳ ತೆಗೆದು ಒಂದೊಂದನ್ನೇ ತಿರುಗಿಸಿ ನೋಡುತ್ತಾನೆ. ಹೊಸ ಪಾದ್ರಿ ಕೈಕುಲುಕಿ ನಕ್ಕರೆ, ಇವರು ಯಾಕೆ ನಕ್ಕರು ಎಂದು ಕಾರು ಹತ್ತುವವರೆಗೂ ನನ್ನನ್ನು ಕೇಳುತ್ತಾನೆ. ಅದು ಕೆಲಸದಿಂದ ಬಂದ ಗುಣ. ನಮ್ಮೂರು ಬಿಸ್ಮಾರ್ಕ್‌ನ ಆಚೆಯ ಧಾನ್ಯದ ಗೋದಾಮಿನಲ್ಲೇ ಅವನ ಆಯುಸ್ಸು ಸವೆಯಿತು. ರೈತರ ಲಾರಿ ಬಂದರೆ ಉದ್ದದ ಕೊಳವೆಯನ್ನು ಗೋದಿಯೊಳಗೆ ತಳ ಮುಟ್ಟುವ ತನಕ ಚುಚ್ಚಿ ಎತ್ತಬೇಕು, ಮೇಲೆ ಒಣಗಿದ್ದು ಹರಡಿ ಅಡಿಯಲ್ಲಿ ಒದ್ದೆಯದನ್ನು ತುಂಬಿದ್ದಾರೋ ಎಂದು ನೋಡಬೇಕು. ಕೆಲಸ ಬಿಟ್ಟಾಗ ಕೊಳವೆ ಗೋದಾಮಿನಲ್ಲೇ ಉಳಿಯಿತು, ಚುಚ್ಚಿ ನೋಡುವ ಚಟ ಮಾತ್ರ ಇವನ ಜೊತೆ ಮನೆಗೆ ಬಂತು.

ಹೆಂಡತಿ ಲೂಯಿಸ್ ತೀರಿಕೊಂಡಾಗ ಮಗಳು ಸಿಗ್ರಿಡ್ ಇನ್ನೂ ಶಾಲೆಯಲ್ಲಿದ್ದಳು. ಜಡೆ ಹೆಣೆಯುವುದನ್ನು ವೆರ್ಲಿನ್ ನನ್ನಿಂದ ಕಲಿತ. ಮೂಟೆ ಕಟ್ಟಿದ ಕೈ ಅದು. ಎಷ್ಟು ಬಿಗಿ ಎಳೆಯುತ್ತಿದ್ದನೆಂದರೆ ಹುಡುಗಿ ಹುಬ್ಬು ಏರಿಸಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ಈಗ ಅವಳು ಮಿನಿಯಾಪೊಲಿಸ್‌ನಲ್ಲಿ ನರ್ಸ್. ಮಾರ್ಚ್‌ನಲ್ಲಿ ಮದುವೆ ಎಂದು ನಿಶ್ಚಯವಾಯಿತು. ಹುಡುಗನ ಹೆಸರು ನಿಕೊ, ಪೂರ್ವದ ಕಡೆ ನ್ಯೂ ಜೆರ್ಸಿಯವನು. ನಾವಿಬ್ಬರೂ ಅವನ ಮುಖ ನೋಡಿರಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ವೆರ್ಲಿನ್ ನನ್ನ ಅಡುಗೆಮನೆಗೆ ಬಂದು ಟೋಪಿಯನ್ನೂ ತೆಗೆಯದೆ ಕೂತ.

"ಕಾಫಿ ಕುಡಿತೀಯೇನೋ?" ಅಂದೆ.

"ಬೇಡಕ್ಕ, ಸುಮ್ನೆ ತೊಂದ್ರೆ ಯಾಕೆ."

"ಮಾಡಿದ್ದೇ ಇದೆ ಕಣೋ."

"ನಿಂಗೆ ಕಮ್ಮಿ ಬೀಳತ್ತೆ."

"ಆರಿಹೋಗತ್ತೆ, ತಗೋ."

"ಹಂಗಾದ್ರೆ ಅರ್ಧ ಕಪ್ಪು."

ತುಂಬ ಹೊಯ್ದು ಕೊಟ್ಟೆ. ಮೊದಲನೇ ಸಲಕ್ಕೇ ಹೂಂ ಅನ್ನುವವರನ್ನು ನಮ್ಮಲ್ಲಿ ಹೊಟ್ಟೆಬಾಕರೆನ್ನುತ್ತಾರೆ. ಒಂದೇ ಸಲ ಕೇಳಿ ಸುಮ್ಮನಾದವರಿಗೆ ಕೊಡುವ ಮನಸ್ಸೇ ಇಲ್ಲವೆಂದು ಲೆಕ್ಕ.

"ಆ ನಿಕೊ ಫೋನ್ ಮಾಡಿದ್ದ," ಅಂದ ವೆರ್ಲಿನ್. "ಮದುವೆ ದಿನ ಚರ್ಚಲ್ಲಿ ಸಿಗ್ರಿಡ್ ಕೈ ಹಿಡ್ಕೊಂಡು ನಡೆಸ್ಕೊಂಡು ಬರ್ತೀರಾ ಸರ್, ಅಂತ ಕೇಳಿದ."

"ನೀನೇನಂದೆ?"

"ಅಯ್ಯೋ, ನಾನ್ಯಾಕಪ್ಪ, ಮಂಡಿ ಬೇರೆ ನೋವು ಅಂದೆ."

"ನಿನ್ನ ಮಂಡಿಗೇನಾಗಿದೆಯೋ?"

"ಏನೂ ಆಗಿಲ್ಲ. ಏನಾದ್ರೂ ಒಂದು ಹೇಳ್ಬೇಕಲ್ಲ! ಅವ್ನು 'ಸರಿ ಸರ್, ಅರ್ಥ ಆಯ್ತು' ಅಂತ ಇಟ್ಟೇಬಿಟ್ಟ. ಮತ್ತೆ ಕೇಳ್ಲೇ ಇಲ್ಲ ಕಣಕ್ಕ."

ಮಗಳನ್ನು ಕೈಹಿಡಿದು ನಡೆಸಿ ಗಂಡಿಗೆ ಒಪ್ಪಿಸುವುದು ನಮ್ಮಲ್ಲಿ ಅಪ್ಪನ ಪಾಲಿನ ಕೆಲಸ. ಎಂಥ ಕಲ್ಲು ಮನಸ್ಸಿನವನು ಇವನು! ಜಡೆ ಹೆಣೆದು ಬೆಳೆಸಿದ ಅಪ್ಪನನ್ನು ಒಂದೇ ಮಾತಿಗೆ ಪಕ್ಕಕ್ಕೆ ಸರಿಸಿಬಿಟ್ಟನಲ್ಲ ಅಂದುಕೊಂಡೆ. ಸಿಗ್ರಿಡ್‌ಳನ್ನೇ ಕೇಳು ಅಂದರೆ ವೆರ್ಲಿನ್ ಕೇಳಲಿಲ್ಲ. "ಅವಳೇ ಹಂಗೆ ಹೇಳಿಕೊಟ್ಟಿದ್ರೆ?" ಅಂದ. ಆಮೇಲೆ ಭಾನುವಾರದ ಫೋನಿನಲ್ಲಿ ಅಪ್ಪ ಮಗಳು ಹಿಮದ ಮಾತು ಬಿಟ್ಟು ಬೇರೇನೂ ಆಡಲಿಲ್ಲ.

ಮದುವೆ ಹತ್ತಿರ ಬಂದಾಗ ನಿಕೊ ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ಕಳಿಸಿದ. ಫಸ್ಟ್ ಕ್ಲಾಸ್.

"ಇಷ್ಟು ದೂರಕ್ಕೆ ಯಾರಕ್ಕ ಫಸ್ಟ್ ಕ್ಲಾಸ್ ಕೊಡಿಸ್ತಾರೆ? ಬೆಲ್ಟ್ ಹಾಕಿ ಬಿಚ್ಚೋದ್ರೊಳಗೆ ಮಿನಿಯಾಪೊಲಿಸ್. ಇದು ಬಾಯಿ ಮುಚ್ಚಿಸೋ ಉಪಾಯ. ಮೇಲೆ ಒಣಗಿದ್ದು ಹಾಕಿದಾನೆ."

ಆದರೂ ಹೊರಟ. ಪೆಟ್ಟಿಗೆಯಲ್ಲಿ ಹೊಸ ಕಪ್ಪು ಸೂಟು ಮಡಿಸಿಟ್ಟಿದ್ದನ್ನು ನಾನು ನೋಡಿದೆ. ಮದುವೆಯಲ್ಲಿ ಸುಮ್ಮನೆ ಕಡೇ ಸಾಲಿನಲ್ಲಿ ಕೂರುವವನಿಗೆ ಹೊಸ ಸೂಟು ಯಾಕೆಂದು ಕೇಳಲಿಲ್ಲ. ವಿಮಾನ ಚಿಕ್ಕದು, ಆ ಪೆಟ್ಟಿಗೆ ತಲೆಮೇಲಿನ ಗೂಡಿಗೆ ಹಿಡಿಯುವುದಿಲ್ಲವೆಂದು ಬಾಗಿಲಲ್ಲೇ ಇಸಿದುಕೊಂಡರು. "ಸೂಟೂ ಹೋಯ್ತು," ಅಂದ.

ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಜೋಡಿ ಸೀಟು. ಜೋಡಿಯಲ್ಲಿ ನಾವು, ಒಂಟಿಯಲ್ಲಿ ಟೈ ಕಟ್ಟಿದ ಒಬ್ಬ ಗಂಡಸು. ವೆರ್ಲಿನ್ ಸೀಟಿನ ಚರ್ಮವನ್ನು ಹೆಬ್ಬೆರಳಿಂದ ಒತ್ತಿ ನೋಡಿದ, ಸಂದಿಗೆ ಕೈ ಹಾಕಿ ನೋಡಿದ. ವಿಮಾನ ಮೇಲೇರಿದ ಮೇಲೆ ಗಗನಸಖಿ ಬಂದಳು.

"ಕುಡಿಯೋಕೆ ಏನು ಕೊಡ್ಲಿ ಸರ್?"

"ಏನೂ ಬೇಡಮ್ಮ, ತೊಂದ್ರೆ ತಗೋಬೇಡ."

ನಾನೂ ಬೇಡವೆಂದೆ. ಅವಳು ನಕ್ಕು, ಟೈ ಕಟ್ಟಿದವನಿಗೆ ಟೊಮೇಟೊ ರಸ ಕೊಟ್ಟಳು. ಆಮೇಲೆ ಬುಟ್ಟಿ ಹಿಡಿದು ಬಂದಳು: ಬಿಸ್ಕತ್ತು, ಚಿಪ್ಸು, ಬಾಳೆಹಣ್ಣು. ವೆರ್ಲಿನ್ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಬುಟ್ಟಿಯನ್ನೇ ನೋಡುತ್ತಾ "ನಂಗೇನೂ ಬೇಡ" ಅಂದ. ಬುಟ್ಟಿ ಹೋಯಿತು. ಟೈಯವನು ಎರಡು ಬಿಸ್ಕತ್ತು ತೆಗೆದುಕೊಂಡ.

"ನೋಡಿದ್ಯಾ? ನಮ್ದು ಬರೀ ಹೆಸರಿಗೆ ಫಸ್ಟ್ ಕ್ಲಾಸು. ನಿಕೊ ಮೊದ್ಲೇ ಹೇಳಿರ್ಬೇಕು, ಈ ಮುದುಕ್ರಿಗೆ ಏನೂ ಕೊಡ್ಬೇಡಿ ಅಂತ."

"ಬಾಯಿ ಮುಚ್ಚೋ, ಕೇಳಿಸತ್ತೆ."

ಮತ್ತೆ ಬರುತ್ತಾಳೆಂದು ಕಾದೆವು. ಬಂದಳು, ಖಾಲಿ ಲೋಟ ತೆಗೆದುಕೊಂಡು ಹೋಗಲು. ಆಗಲೇ ವಿಮಾನ ಇಳಿಯತೊಡಗಿತ್ತು. ನನಗೆ ತಡೆಯಲಾಗಲಿಲ್ಲ.

"ಅಲ್ಲಮ್ಮ, ಅವರಿಗೆಲ್ಲ ಕೊಟ್ಟೆ. ನನ್ನ ತಮ್ಮನಿಗೆ ಯಾಕೆ ಕೊಡ್ಲಿಲ್ಲ?"

ಅವಳು ಬೆಪ್ಪಾದಳು. "ಅವ್ರೇ ಬೇಡ ಅಂದ್ರಲ್ಲ ಮೇಡಂ."

"ಒಂದ್ಸಲ ಅಂದ."

"ಬೇಡ ಅಂದೋರ್ನ ಮತ್ತೆ ಮತ್ತೆ ಕೇಳಿದ್ರೆ ಬಲವಂತ ಆಗಲ್ವಾ? ನಮ್ಮಮ್ಮ ನಂಗೆ ಅದನ್ನೇ ಹೇಳ್ಕೊಟ್ಟಿರೋದು. ಅವರ ಮಾತಿಗೆ ಬೆಲೆ ಕೊಡ್ಬೇಕು ಅಂತ."

"ನೀನು ಎಲ್ಲಿಯವಳಮ್ಮ?"

"ಬಾಲ್ಟಿಮೋರ್ ಮೇಡಂ, ಪೂರ್ವದ ಕಡೆ." ಓಡಿಹೋಗಿ ಎರಡು ಬಿಸ್ಕತ್ತು ತಂದು ನನ್ನ ಕೈಗಿಟ್ಟು, ತನ್ನ ಸೀಟಿಗೆ ಹೋಗಿ ಬೆಲ್ಟ್ ಬಿಗಿದಳು.

ವೆರ್ಲಿನ್ ಬಿಸ್ಕತ್ತಿನ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿದ. ತೆರೆಯಲಿಲ್ಲ. ಚಕ್ರ ನೆಲ ಮುಟ್ಟಿದ ಮೇಲೆ ಕೇಳಿದ, "ಪೂರ್ವದ ಕಡೆಯೋರೆಲ್ಲಾ ಹಿಂಗೇನಾ?"

"ನಂಗೇನು ಗೊತ್ತೋ. ಆ ಹುಡುಗನ್ನೇ ಕೇಳು."

ಇಳಿದು ಕೊರೆಯುವ ಗಾಳಿಯಲ್ಲಿ ನಿಂತು ಪೆಟ್ಟಿಗೆ ಇಸಿದುಕೊಂಡೆವು. ಹೊರಗೆ ನಮ್ಮ ಹೆಸರು ಬರೆದ ರಟ್ಟು ಹಿಡಿದು, ತಲೆಗೂದಲು ಕೆದರಿದ ಒಬ್ಬ ಯುವಕ ನಿಂತಿದ್ದ.

"ಬನ್ನಿ ಸರ್, ನಾನು ನಿಕೊ. ಸಿಗ್ರಿಡ್ ಇನ್ನೂ ಆಸ್ಪತ್ರೇಲಿ ಡ್ಯೂಟೀಲಿದಾಳೆ. ಕಾಲು ಚಾಚೋಕೆ ಜಾಗ ಸಾಕಾಯ್ತಾ? ಮಂಡಿ ನೋವು ಅಂದಿದ್ರಲ್ಲ, ಅದಕ್ಕೇ ಆ ಸೀಟು ಹಾಕಿಸ್ದೆ."

ವೆರ್ಲಿನ್ ನನ್ನ ಕಡೆ ನೋಡಿದ. ನಾನು ಪೆಟ್ಟಿಗೆಯ ಕಡೆ ನೋಡಿದೆ.

"ಆವತ್ತು ನೀನೊಂದು ಮಾತು ಕೇಳಿದ್ದೆ," ಅಂದ ವೆರ್ಲಿನ್ ಹುಡುಗನಿಗೆ.

"ಹೌದು ಸರ್. ನೀವು ಆಗಲ್ಲ ಅಂದ್ರಿ."

"ಸಿಗ್ರಿಡ್‌ಗೆ ಏನಂತ ಹೇಳ್ದೆ?"

"ಅಪ್ಪಂಗೆ ಮಂಡಿ ನೋವಂತೆ, ನಡೆಸ್ಕೊಂಡು ಬರೋಕೆ ಇಷ್ಟ ಇಲ್ವಂತೆ ಅಂದೆ. ತುಂಬಾ ಅತ್ಲು. ಯಾರೂ ಬೇಡ, ಒಬ್ಳೇ ನಡೀತೀನಿ ಅಂದಿದಾಳೆ."

ವೆರ್ಲಿನ್ ಅವನನ್ನು ಮೇಲಿಂದ ಕೆಳಗಿನವರೆಗೆ, ಬೂಟಿನ ತುದಿಯವರೆಗೆ ನೋಡಿದ. ಬಹಳ ಹೊತ್ತು ನೋಡಿದ. ಹುಡುಗ ಕದಲಲಿಲ್ಲ.

"ಈಗ ಕೇಳು."

"ಏನು ಸರ್?"

"ಅದೇ ಮಾತು. ಇನ್ನೊಂದ್ಸಲ."

"ಸಿಗ್ರಿಡ್ ಕೈ ಹಿಡ್ಕೊಂಡು ನಡೆಸ್ಕೊಂಡು ಬರ್ತೀರಾ ಸರ್?"

"ಅಯ್ಯೋ, ನಾನ್ಯಾಕಪ್ಪ..." ನಾಲಿಗೆ ತಾನಾಗೇ ಅಂದುಬಿಟ್ಟಿತು. ಹುಡುಗನ ಮುಖ ಬಾಡಿತು. ದಪ್ಪ ಕೋಟಿನ ಮೇಲಿಂದಲೂ ತಾಗುವ ಹಾಗೆ ನಾನು ತಮ್ಮನ ತೋಳು ಚಿವುಟಿದೆ.

"ಬರ್ತೀನಿ," ಅಂದ ವೆರ್ಲಿನ್. "ಈಗಲೇ ಅವಳಿಗೆ ಫೋನ್ ಮಾಡು. ಇಲ್ಲೇ ನಿಂತು ಮಾಡು. ನಾನು ಹೆಂಗಂದೆನೋ ಹಂಗೇ ಹೇಳ್ಬೇಕು, ಒಂದಕ್ಷರ ಆಚೀಚೆ ಆಗ್ಬಾರ್ದು."

ನಿಕೊ ಫೋನ್ ತೆಗೆದ. ವೆರ್ಲಿನ್ ಟೋಪಿಯ ಕಿವಿ ಮುಚ್ಚುವ ಪಟ್ಟಿಯನ್ನು ಮೇಲಕ್ಕೆ ಮಡಿಸಿ, ಹುಡುಗನ ಭುಜಕ್ಕೆ ಅಂಟಿಕೊಂಡು ನಿಂತ, ಅವನು ಏನು ಹೇಳುತ್ತಾನೋ ನೋಡೋಣವೆಂದು.