ಫೋಟೋದಾಗ ನೋವು ಎಲ್ಲೈತಿ?

ನಾಲತವಾಡದ ನಮ್ಮ ಚಿಗವ್ವನ ಮನೆಯಲ್ಲಿ ಗ್ಯಾಸಿನ ಒಲೆ ಇರುವುದು ಚಹಾಕ್ಕೆ ಮಾತ್ರ. ರೊಟ್ಟಿಯನ್ನು ನೆಲದ ಒಲೆಯ ಮುಂದೆ ಕಾಲು ಮಡಚಿ ಕೂತೇ ಬಡಿಯಬೇಕು. ಇದು ಅವಳ ಅತ್ತೆಯ ಕಟ್ಟಳೆ. ಓಣಿಯವರೆಲ್ಲ ಆಯಿ ಎಂದು ಕರೆಯುವ ಆ ಮುದುಕಿಗೆ ಗ್ಯಾಸಿನ ಮೇಲೆ ಬೆಂದ ರೊಟ್ಟಿ ಹೊಟ್ಟೆಗೆ ಹತ್ತುವುದಿಲ್ಲ. ಸೂಟಿಗೆ ಹೋದಾಗೆಲ್ಲ ಆ ಆಯಿಯ ಬಾಯಿಂದಲೇ ನಾನು ಮಾತು ಕಲಿತವಳು. ಅವಳು ಬೈಯುವುದನ್ನು ಕೇಳುತ್ತ ಕೂಡಬೇಕು ಅನ್ನಿಸುತ್ತಿತ್ತು, ಬೈಸಿಕೊಳ್ಳುವವರು ಬೇರೆಯವರಾಗಿದ್ದರೆ.

ಹೆಚ್ಚಾಗಿ ಬೈಸಿಕೊಳ್ಳುತ್ತಿದ್ದವಳು ಚಿಗವ್ವ, ನಮ್ಮವ್ವನ ತಂಗಿ. ಹೋದ ವರ್ಷ ಅವಳಿಗೆ ಬಲಗಡೆಯ ಚಪ್ಪೆ, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲು, ಹಿಡಿದುಕೊಂಡಿತು.

"ಕಟ್ಟಿ ಮ್ಯಾಲ ಗ್ಯಾಸ್ ಐತಲ್ರಿ ಅತ್ತಿ, ನಿಂತು ರೊಟ್ಟಿ ಮಾಡ್ತೇನಿ. ಕುಂತ್ರ ಏಳಾಕ ಆಗವಲ್ದು."

"ನಿಂತು ಬಡ್ಯಾಕ ಹೋಟೆಲ್ ಇಟ್ಟೀಯೇನು? ಬಾವಿಲ್ಲ, ಗಾಯಿಲ್ಲ. ಎಲ್ಲೈತಿ ನೋವು, ತೋರ್ಸು."

"ಒಳಗೈತ್ರಿ."

"ಒಳಗಿಂದು ಡಾಕ್ಟರ್ ತೋರಸ್ಲಿ. ತೋರಿಸಿದ್ರ ಮರುದಿನಾನ ಕಟ್ಟಿ ಮ್ಯಾಲ ಮಾಡು, ಹೋಗು."

ಕರಾರು ಇಷ್ಟೇ. ನಾನು ಚಿಗವ್ವನನ್ನು ಜಿಲ್ಲಾ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಸಾಕ್ಷಿಗೆಂದು ಆಯಿಯೂ ಬಂದಳು, ಕಾರಿನ ಮುಂದಿನ ಸೀಟಿನಲ್ಲಿ ಕೂತು.

ಡಾಕ್ಟರು ಎಕ್ಸ್‌ರೇ ಪರದೆ ನೋಡುತ್ತ ಸೂಜಿಯನ್ನು ನೇರ ಕೀಲಿನೊಳಕ್ಕೆ ಇಳಿಸಿದರು. ಆಮೇಲೆ ಹೊರಗೆ ಬಂದು ಅದರ ಫೋಟೋ ತೋರಿಸಿದರು. ಗುಂಡಗಿನ ಎಲುಬು, ಅದಕ್ಕೆ ತಾಗಿದ ತೆಳ್ಳಗಿನ ಕರಿ ಗೆರೆ. ಆಯಿ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಎಲುವು ಕಾಣಾಕತ್ತೇತಿ, ಸೂಜಿ ಕಾಣಾಕತ್ತೇತಿ. ಫೋಟೋದಾಗ ನೋವು ಎಲ್ಲೈತ್ರಿ?"

ಡಾಕ್ಟರು ನಕ್ಕರು. "ನೋವು ಫೋಟೋದಾಗ ಬರಂಗಿಲ್ರಿ ಆಯಿ. ಕೀಲು ಮರಗಟ್ಟೂ ಔಷಧ ಹಾಕೇನಿ. ಕೆಲವು ತಾಸು ನೋವು ಹೋತಂದ್ರ, ನೋವು ಈ ಕೀಲಿಂದೇ ಅಂತ ಖಾತ್ರಿ. ಆಮ್ಯಾಲ ತಿರುಗಿ ಬರತೈತಿ, ಅಂಜಬ್ಯಾಡ್ರಿ. ಜೋಡಿ ಹಾಕಿದ ಇನ್ನೊಂದು ಔಷಧ ಹತ್ತಾಕ ಕೆಲವು ದಿನಾ ಬೇಕು, ಅಲ್ಲೀತನಕ ನೆಲಕ್ಕ ಕುಂದ್ರಬ್ಯಾಡ್ರಿ. ಇವತ್ತು ಹೆಂಗಿತ್ತು ಅನ್ನೂದು ನೆನಪಿಟ್ಟು ಮುಂದಿನ ಸಲ ನನಗ ಹೇಳ್ರಿ."

ಆಸ್ಪತ್ರೆಯ ಮೆಟ್ಟಿಲನ್ನು ಚಿಗವ್ವ ಏನನ್ನೂ ಹಿಡಿಯದೆ ಇಳಿದಳು. ನಡುವೆ ನಿಂತು, ಹೊರಳಿ ನೋಡಿ, ಸಣ್ಣ ಹುಡುಗಿಯ ಹಾಗೆ ನಕ್ಕಳು.

"ಹೋತವಾ! ಪೂರಾ ಹೋತು!"

"ಹೋತಾ?" ಮೇಲೆ ನಿಂತಿದ್ದ ಆಯಿ ಕೇಳಿದಳು. "ತಿಂಗಳಗಟ್ಟಲೆ ಇದ್ದದ್ದು ನಾಕು ಪಾವಟಿಗಿ ಇಳಿಯೂದ್ರಾಗ ಹೋತಾ? ಇಂಥಾ ನೋವು ನನಗೂ ಬರಲೆವ್ವಾ, ಸುಖಾ ಪಡ್ತೇನಿ."

"ಹೋಗಿದ್ದಕ್ಕ ಖರೇ ನೋವು ಅಂತ ಡಾಕ್ಟರ್ ಹೇಳಿದ್ರಲ್ಲ, ಆಯಿ," ಎಂದೆ ನಾನು.

"ಖರೇ ನೋವು ಸೂಜಿಗಿ ಅಂಜಿ ಓಡಿ ಹೋಗತೈತೇನು? ಇರಲೇ ಇಲ್ಲ, ಅದಕ್ಕ ಹೋತು."

ಕರಾರು ಅಲ್ಲಿಗೇ ಮುರಿಯಿತು. ಆ ಸಂಜೆಯೇ ಆಯಿ ಚಿಗವ್ವನನ್ನು ನೆಲದ ಒಲೆಯ ಮುಂದೆ ಕೂಡಿಸಿದಳು. ಅರ್ಧ ಹಿಟ್ಟು ಇನ್ನೂ ನಾದುವ ಕೊಣಮಗೆಯಲ್ಲಿ ಇರುವಾಗಲೇ ಔಷಧದ ಅಮಲು ಇಳಿಯಿತು. ಹಿಟ್ಟಿನ ಕೈಯನ್ನು ಗೋಡೆಗೆ ಊರಿ, ಹಲ್ಲು ಕಚ್ಚಿ ಎದ್ದಳು. ಗೋಡೆಯ ಮೇಲೆ ಐದು ಬೆರಳೂ ಮೂಡಿದವು.

"ಮುಂಜಾನಿ ಹೋದದ್ದು ಸಂಜಿಕ ಬಂತಾ?" ಆಯಿ ಬಾಗಿಲಲ್ಲಿ ನಿಂತು ಕೇಳಿದಳು. "ಮುದ್ದೇಬಿಹಾಳ ಬಸ್ಸಿಗಿಂತ ಟೈಮ್ ಬರೋಬ್ಬರಿ ಐತಿ ಇದರದ್ದು." ಮರುದಿನ ಓಣಿಯ ಮನೆಮನೆಯಲ್ಲೂ ಇದೇ ಮಾತು, ಇದೇ ನಗು.

ಕೆಲವು ವಾರ ಕಳೆದರೂ ನೋವು ಪೂರಾ ಬಿಡದೆ, ಮತ್ತೆ ಮೂವರೂ ಡಾಕ್ಟರ ಮುಂದೆ ಕೂತೆವು.

"ಸೂಜಿ ಹಾಕಿದ ದಿನ ಹೆಂಗಿತ್ರಿ? ನೋವು ಹೋಗಿತ್ತಂದ್ರ ಇನ್ನೊಮ್ಮಿ ಹಾಕೂಣು."

ಚಿಗವ್ವ ಓರೆಗಣ್ಣಲ್ಲಿ ಅತ್ತೆಯನ್ನು ನೋಡಿದಳು. "ಇಲ್ರಿ. ಒಂದ ಚೂರೂ ಕಮ್ಮಿ ಆಗಲಿಲ್ರಿ."

ನನಗೆ ತಡೆಯಲಾಗಲಿಲ್ಲ. "ಚಿಗವ್ವಾ! ಪಾವಟಿಗಿ ಮ್ಯಾಲ ನಿಂತು ನಕ್ಕಿದ್ದಿಯಲ್ಲ! ಅವತ್ತು ಪೂರಾ ಹೋಗಿತ್ತು ಡಾಕ್ಟರ್."

"ಆಕಿಗೇನು ಗೊತ್ರಿ," ಎಂದಳು ಚಿಗವ್ವ. "ನೋವು ನಂದು."

ಡಾಕ್ಟರು ಆಯಿಯ ಕಡೆ ತಿರುಗಿದರು. ಹೋತು ಹೋತು ಎಂದು ಓಣಿ ತುಂಬ ಸಾರಿ ಬಂದಿದ್ದ ಆಯಿ ಸೆರಗು ಸರಿಮಾಡಿಕೊಂಡಳು. ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹಂಗಾದ್ರ ಈ ನೋವು ಕೀಲಿಂದಲ್ರಿ. ಇಲ್ಲಿ ಮತ್ತ ಸೂಜಿ ಹಾಕಿ ಉಪಯೋಗಿಲ್ಲ. ಬೆನ್ನು ಒಮ್ಮಿ ಎಲ್ಯಾದ್ರೂ ತೋರಿಸ್ರಿ."

ಹೊರಗೆ ಬಂದ ಮೇಲೆ ಚಿಗವ್ವ ನನ್ನ ಕೈ ಹಿಡಿದುಕೊಂಡಳು. "ಹೋತು ಅಂದ್ರ ಸೋಗು ಅಂದ್ರು. ಹೋಗಲಿಲ್ಲ ಅಂದ್ರಾದ್ರೂ ಖರೇ ಅಂತಾರ ಅಂತ ಮಾಡಿದ್ನೆವ್ವಾ."

ಆಯಿ ಆಗಲೇ ಮೆಟ್ಟಿಲು ಇಳಿದು ಕಾರಿನ ಹತ್ತಿರ ನಿಂತಿದ್ದಳು.

"ಕೇಳಿದಿ? ಡಾಕ್ಟರೇ ಹೇಳಿದ, ಕೀಲಿನಾಗ ಏನಿಲ್ಲಂತ," ಎಂದು ಅಲ್ಲಿಂದಲೇ ಕೂಗಿದಳು. "ಲಗೂ ಇಳೀರಿ. ರೊಟ್ಟಿಗಿ ಹೊತ್ತಾತು."

ಚಿಗವ್ವ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.