ಅಪ್ಪಣೆಗೆ ಕಾದ ಮೂರು ದಿನ

ನಮ್ಮ ಸಭೆಯಲ್ಲಿ ಪಾಸ್ಟರನ್ನು ಕೇಳದೆ ಯಾರೂ ಏನೂ ಮಾಡುತ್ತಿರಲಿಲ್ಲ. ಮಗಳಿಗೆ ಗಂಡು ನೋಡುವುದಿರಲಿ, ಆಡು ಮಾರುವುದಿರಲಿ, ಮೊದಲು ಅವರ ಮನೆಗೆ ಹೋಗಿ ಕೇಳಬೇಕು. ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಹೂಂ ಎಂದರೆ ಆಯಿತು. ನನಗೆ ಅದು ಭಾರ ಅನಿಸಲಿಲ್ಲ. ನನ್ನ ಗಂಡ ಇಪ್ಪತ್ತು ವರ್ಷ ಕುಡಿದವನು. ನಾನು ಹೇಳಿದರೂ ಬಿಡಲಿಲ್ಲ, ಅವನ ತಾಯಿ ಅತ್ತರೂ ಬಿಡಲಿಲ್ಲ. ಪಾಸ್ಟರು ತಲೆಯ ಮೇಲೆ ಕೈಯಿಟ್ಟು ಬಿಡು ಎಂದರು, ಬಿಟ್ಟ. ಅಂಥವರ ಮಾತು ಮೀರುವುದು ಹೇಗೆ?

ಯಲ್ಲಾಪುರದ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಹೊರಳಿಸುವಾಗ ಅವನ ಕಾಲಿಗೆ ಸಿಬಿರು ಹೊಕ್ಕಿತು. ಸಕ್ಕರೆ ಕಾಯಿಲೆಯ ಕಾಲು. ಅರಿಶಿನ ಹಚ್ಚಿದೆ. ಎಂಟು ದಿನಕ್ಕೆ ಹೆಬ್ಬೆರಳು ಕಪ್ಪಾಯಿತು, ಜ್ವರ ಬಂತು. ಡಾಕ್ಟರು ನೋಡಿ, ಬೆರಳು ತೆಗೆಯಬೇಕಾದೀತು, ಇವತ್ತೇ ಹುಬ್ಬಳ್ಳಿಗೆ ಒಯ್ಯಿರಿ ಎಂದರು.

ನಾನು ಅವನನ್ನು ಮನೆಯಲ್ಲಿ ಮಲಗಿಸಿ ಪಾಸ್ಟರ ಮನೆಗೆ ಓಡಿದೆ. ಅವರು ಉಪವಾಸ ಪ್ರಾರ್ಥನೆಗೆಂದು ಮುಂಡಗೋಡದ ಕಡೆ ಹೋಗಿದ್ದರು. ಮೂರು ದಿನ ಫೋನು ಬಂದ್. ಅವರ ಹೆಂಡತಿ, "ನಾ ಹೆಂಗೆ ಹೇಳ್ಲಿ ಅಮ್ಮಾ? ಅವ್ರೇ ಬರ್ಬೇಕು" ಎಂದರು.

ತಿರುಗಿ ಬಂದಾಗ ಪಕ್ಕದ ಮನೆಯ ಸಾಬರು ಬಾಗಿಲಿಗೆ ತಮ್ಮ ಟೆಂಪೋ ತಂದು ನಿಲ್ಲಿಸಿದ್ದರು.

"ಹತ್ಸಿ ಅಮ್ಮಾ. ಎರಡು ತಾಸಿನಾಗೆ ಹುಬ್ಬಳ್ಳಿ."

"ಪಾಸ್ಟರು ಬರ್ಲಿ."

"ಬೆರಳು ಕೊಯ್ಯೋದು ಪಾಸ್ಟರೋ, ಡಾಕ್ಟರೋ?"

ಗಂಡ ಒಳಗಿನಿಂದ ನಕ್ಕ. "ಇವಳು ಕೋಳಿ ಕಾವಿಗೆ ಕೂರ್ಸೋದಾದ್ರೂ ಅವ್ರನ್ನ ಕೇಳ್ಕೊಂಡೇ ಕೂರ್ಸೋದು ಮಾರಾಯ್ರೇ" ಎಂದ. ಆಮೇಲೆ ನನ್ನ ಕಡೆ ನೋಡಿ, "ಹೋಗುವಾ ಬಾರೇ. ಉರೀತದೆ" ಎಂದ.

ನಾನು ಹೊರಡಲಿಲ್ಲ. ಕೇಳದೆ ಹೋದರೆ ಅವಿಧೇಯತೆ, ಅದರಿಂದ ಇವನು ಮತ್ತೆ ಕುಡಿತಕ್ಕೆ ಬೀಳುತ್ತಾನೆ ಎಂಬ ಹೆದರಿಕೆ. ಗಂಡನ ಮಾತು ಕೇಳಬೇಕೆಂದೂ ಅದೇ ಪಾಸ್ಟರು ಹೇಳಿದ್ದರು. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಸಾಬರು ಎರಡು ದಿನ ಬಾಡಿಗೆ ಬಿಟ್ಟು ಕಾದರು. ನಾನು ಒದ್ದೆ ಬಟ್ಟೆ ಹಾಕುತ್ತ ಕೂತೆ. ವಾಸನೆ ಹೊರಗಿನ ಜಗುಲಿಯವರೆಗೂ ಬರುತ್ತಿತ್ತು.

ಮೂರನೆಯ ದಿನ ಪಾಸ್ಟರು ಬಂದರು. ಕಾಲು ನೋಡಿದವರೇ ಪ್ರಾರ್ಥನೆಗೂ ನಿಲ್ಲದೆ ಅವನನ್ನು ಎತ್ತಿ ಟೆಂಪೋದಲ್ಲಿ ಮಲಗಿಸಿದರು. ಹುಬ್ಬಳ್ಳಿಯಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಎರಡು ದಿನ ಇದ್ದ, ಸತ್ತ.

ಮಣ್ಣು ಮಾಡಿ ಬರುವಾಗ ಪಾಸ್ಟರು ನನ್ನ ಪಕ್ಕ ನಡೆಯುತ್ತ ಕೇಳಿದರು: "ಇಂಥದ್ದಕ್ಕೂ ನನ್ನ ಕಾಯ್ಬೇಕಿತ್ತಾ ಅಮ್ಮಾ? ನಾನು ಬೇಡ ಅಂತಿದ್ನಾ?"

ಅನ್ನುತ್ತಿರಲಿಲ್ಲ. ಅದು ನನಗೂ ಗೊತ್ತು. ಬೇಡ ಎಂದಿದ್ದರೆ ಅವರನ್ನು ಬೈದುಕೊಂಡಾದರೂ ಬದುಕುತ್ತಿದ್ದೆ.

ಈಗಲೂ ಭಾನುವಾರ ಸಭೆಗೆ ಹೋಗುತ್ತೇನೆ. ಮನೆಯಲ್ಲಿ ಕೂತು ಮಾಡುವುದೇನು? ಎಲ್ಲರೂ ಮೊಣಕಾಲೂರಿದಾಗ ನಾನೂ ಊರುತ್ತೇನೆ. ಕ್ಷಮಿಸು ಎಂದು ಮಾತ್ರ ಬೇಡುವುದಿಲ್ಲ. ನಾನು ಕ್ಷಮೆ ಕೇಳಬೇಕಾದವನು ಮಣ್ಣೊಳಗಿದ್ದಾನೆ. ದೇವರು ಕ್ಷಮಿಸಿದರೆ ಅವನಿಗೇನು ಬಂತು?