ನಾಲ್ಕನೇ ಪುಟದ ಅಮ್ಮ

ಸ್ವೀಡನ್ನಿನ ಈ ಸ್ಯಾಂಡ್‌ವಿಕೆನ್ ಊರಿನ ಲೈಬ್ರರಿಯಿಂದ ಮಗಳು ಆ ಕಾಮಿಕ್ಸ್ ತಂದಾಗ ಅವಳಿಗೆ ಐದೂವರೆ ವರ್ಷ. ಮುಖಪುಟದಲ್ಲಿ ಹಳದಿ ರೇನ್‌ಕೋಟಿನ ಹುಡುಗಿಯೊಬ್ಬಳು ಒಂದೇ ಕೈಯಲ್ಲಿ ಸಮುದ್ರದ ಅಲೆಯನ್ನು ತಡೆದು ನಿಂತಿದ್ದಳು. ಸ್ವೀಡಿಷ್ ಪುಸ್ತಕವನ್ನು ನಾನು ಕನ್ನಡದಲ್ಲೇ ಹೇಳಬೇಕು ಎಂಬುದು ನಮ್ಮ ಮನೆಯ ಕಾನೂನು. ಅವಳು ಮಾತ್ರ ಸ್ವೀಡಿಷ್‌ನಲ್ಲೇ ಪ್ರಶ್ನೆ ಕೇಳುತ್ತಾಳೆ. ಅದಕ್ಕೆ ನಮ್ಮಲ್ಲಿ ಇನ್ನೂ ಕಾನೂನು ಬಂದಿಲ್ಲ.

ಅವಳು ಡಾಗಿಸ್‌ನಿಂದ, ಅಂದರೆ ಇಲ್ಲಿಯ ಶಿಶುವಿಹಾರದಿಂದ ಬಂದ ಮೇಲೆ, ಕುಕ್ಕರ್ ಕೂಗುವುದನ್ನು ಕಾಯುತ್ತಾ ಅಡುಗೆಮನೆಯ ನೆಲದ ಮೇಲೆ ಕೂತು ಶುರುಮಾಡಿದೆ. ಮೂರು ಪುಟ ಚೆನ್ನಾಗಿಯೇ ಹೋಯಿತು. ಹುಡುಗಿ, ಅವಳಮ್ಮ, ಮೀನು ಹಿಡಿಯುವ ಒಂದು ದೋಣಿ. ನಾಲ್ಕನೇ ಪುಟ ತಿರುಗಿಸಿದರೆ ಬಿರುಗಾಳಿ ಎದ್ದು ಅಮ್ಮ ಮುಳುಗಿಯೇ ಹೋಗಿದ್ದಾಳೆ. ದಡದಲ್ಲಿ ನಿಂತು ಅತ್ತ ಹುಡುಗಿಯ ಕಣ್ಣೀರು ಸಮುದ್ರಕ್ಕೆ ಬಿದ್ದು, ಅವಳಿಗೆ ಅಲೆಯನ್ನು ನಿಲ್ಲಿಸುವ ಶಕ್ತಿ ಬರುತ್ತದೆ. ನನಗೆ ಸಿಟ್ಟು ಬಂತು. ಸೂಪರ್‌ಹೀರೋಯಿನ್ ಹುಟ್ಟಬೇಕಾದರೆ ಹೆತ್ತವಳು ಸಾಯಲೇಬೇಕೆ? ನಾವು ಬದುಕಿದ್ದುಕೊಂಡು ಮಕ್ಕಳಿಗೆ ಏನನ್ನೂ ಕೊಡಲಾರೆವೆ?

"ಅವರಮ್ಮ ಅಜ್ಜಿ ಮನೆಗೆ ಹೋದ್ಲು, ಬಾಣಂತನಕ್ಕೆ," ಎಂದೆ.

"ದೋಣೀಲಾ?"

"ಹೂಂ. ಆ ಕಡೆಗೆ ಬಸ್ ಇಲ್ಲ."

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ಅಮ್ಮ ಬಾಣಂತನಕ್ಕೆ ಹೋದರೆ ಹುಡುಗಿಗೆ ಶಕ್ತಿ ಎಲ್ಲಿಂದ ಬರಬೇಕು? ಹೊರಡುವ ಮುಂಚೆ ಅಮ್ಮ ಮಾಡಿಟ್ಟ ರಾಗಿ ಗಂಜಿ ಕುಡಿದು ಬಂತು ಎಂದೆ. ಚಿತ್ರದಲ್ಲಿ ಅಮ್ಮನಿಗೆ ಬಸುರಿ ಹೊಟ್ಟೆಯೂ ಇರಲಿಲ್ಲ, ಗಂಜಿಯ ಪಾತ್ರೆಯೂ ಇರಲಿಲ್ಲ. ಮಗಳು ಒಮ್ಮೆ ಚಿತ್ರ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಪುಟ ತಿರುಗಿಸಿದಳು. ಮರುದಿನದಿಂದ ತಕರಾರಿಲ್ಲದೆ ಗಂಜಿ ಕುಡಿಯತೊಡಗಿದಳು. ಒಂದೇ ಏಟಿಗೆ ಎರಡು ಹಕ್ಕಿ ಎಂದು ನಾನು ಬೀಗಿದೆ.

ಪುಸ್ತಕವನ್ನು ಮತ್ತೆ ಮತ್ತೆ ರಿನ್ಯೂ ಮಾಡಿಸಿ ಚಳಿಗಾಲವಿಡೀ ಅದನ್ನೇ ಓದಿದೆವು. "ಇದ್ದಿದ್ದನ್ನ ಇದ್ದ ಹಾಗೆ ಓದಬಾರ್ದಾ?" ಎಂದು ಗಂಡ ಒಮ್ಮೆ ಕೇಳಿದ.

"ನಿಂಗೇನು, ಇದ್ರಲ್ಲಿ ಅಪ್ಪಂದಿರು ಸಾಯಲ್ಲ," ಎಂದೆ. ಆ ದಿನಗಳಲ್ಲಿ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನನ್ನ ಅಮ್ಮ ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ಮೆಟ್ಟಿಲು ಹತ್ತಿ ಬಂದೆ ಕಣೇ ಎನ್ನುತ್ತಿದ್ದಳು. ಅದನ್ನು ನಾನೂ ನಂಬಿದಂತೆ ಇದ್ದೆ.

ಮಾರ್ಚಿನಲ್ಲಿ ಮೈಸೂರಿನಿಂದ ಅಣ್ಣ ಫೋನ್ ಮಾಡಿದ. ಅಮ್ಮನಿಗೆ ಹೃದಯದ ಆಪರೇಷನ್, ತಡಮಾಡುವ ಹಾಗಿಲ್ಲ ಎಂದ. ಟಿಕೆಟ್ ಮಾಡಿಸಿ, ಸೂಟ್‌ಕೇಸ್ ತುಂಬುತ್ತಾ, ಮಗಳಿಗೆ ಹಗುರವಾಗಿ ಹೇಳಿದೆ: "ನಾನು ಅಜ್ಜಿ ಮನೆಗೆ ಹೋಗ್ಬರ್ತೀನಿ. ಮೂರು ವಾರ. ಅಪ್ಪ ಇರ್ತಾರೆ." ಆಪರೇಷನ್ನಿನ ಮಾತೆತ್ತಲಿಲ್ಲ. ಮಗುವಿಗೆ ಯಾಕೆ ಅದೆಲ್ಲ.

ಅವಳ ಮುಖ ಬಿಳಿಚಿಕೊಂಡಿತು. ನೇರ ಹೋಗಿ ಸೂಟ್‌ಕೇಸಿನೊಳಗೆ, ನನ್ನ ಬಟ್ಟೆಗಳ ಮೇಲೆ ಕೂತುಬಿಟ್ಟಳು. ಎಬ್ಬಿಸಲು ಹೋದರೆ ಕಿರುಚಿದಳು. ಆಮೇಲೆ ಬಿಕ್ಕುತ್ತಾ ಸ್ವೀಡಿಷ್‌ನಲ್ಲಿ ಹೇಳಿದಳು: "ನೀನು ಅಜ್ಜಿ ಮನೆಗೆ ಹೋಗಲ್ಲ. ಸತ್ತುಹೋಗ್ತೀಯ."

ಡಾಗಿಸ್‌ನ ಟೀಚರ್ ಡಿಸೆಂಬರಿನಲ್ಲೇ, ನಾನು ಶುರುಮಾಡುವ ಮೊದಲೇ, ಅದೇ ಪುಸ್ತಕ ಓದಿದ್ದರಂತೆ. ಅಮ್ಮ ಸತ್ತಳು ಎಂದೇ ಓದಿದರಂತೆ. ಮಕ್ಕಳೆಲ್ಲ ಸಾವಿನ ಬಗ್ಗೆ ಮಾತಾಡಿ, ಆಮೇಲೆ ಕೂತು ಹಣ್ಣು ತಿಂದರಂತೆ.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಬೇಜಾರಾಗುತ್ತೆ ಅಂತ."

ಅಂದರೆ ಇಡೀ ಚಳಿಗಾಲ ಗುಟ್ಟು ಕಾಪಾಡಿದ್ದು ನಾನಲ್ಲ, ಅವಳು. ಇಷ್ಟವಿಲ್ಲದ ಗಂಜಿಯನ್ನು ಲೋಟಗಟ್ಟಲೆ ಕುಡಿದದ್ದೂ ನನ್ನ ಮನಸ್ಸು ನೋಯಬಾರದೆಂದು. ನನಗೆ ನಾಚಿಕೆಯಾಯಿತು, ಅವಳನ್ನು ಬಾಚಿ ತಬ್ಬಿಕೊಳ್ಳಬೇಕು ಎನ್ನಿಸಿತು. ಆದರೆ ಅವಳು ಸೂಟ್‌ಕೇಸ್ ಬಿಟ್ಟು ಬರುವ ಹಾಗಿರಲಿಲ್ಲ.

ಪಕ್ಕದಲ್ಲೇ ನೆಲಕ್ಕೆ ಕೂತು ಪುಸ್ತಕ ತೆರೆದೆ. ನಾಲ್ಕನೇ ಪುಟವನ್ನು ಇದ್ದ ಹಾಗೆಯೇ ಕನ್ನಡದಲ್ಲಿ ಹೇಳಿದೆ. ಅಮ್ಮ ಮುಳುಗಿದಳು. ಸತ್ತಳು. ತಿರುಗಿ ಬರಲಿಲ್ಲ. ಹೇಳುವಾಗ ನನ್ನ ಅಮ್ಮ ಎಳೆದುಕೊಳ್ಳುತ್ತಿದ್ದ ಉಸಿರು ನೆನಪಾಯಿತು. ಇಷ್ಟು ದಿನ ಈ ಪುಟವನ್ನು ಹಾರಿಸುತ್ತಿದ್ದದ್ದು ಮಗಳಿಗಾಗಿ ಅಲ್ಲವೇ ಅಲ್ಲ ಎಂದು ಆಗ ಗೊತ್ತಾಯಿತು. ಅಜ್ಜಿಯ ಆಪರೇಷನ್ ವಿಷಯವನ್ನೂ ಹೇಳಿದೆ.

"ಅಜ್ಜಿ ಸಾಯ್ತಾರಾ?"

"ಗೊತ್ತಿಲ್ಲ ಪುಟ್ಟಿ. ನಂಗೂ ಭಯ ಆಗ್ತಿದೆ, ಅದಕ್ಕೇ ಹೋಗ್ತಿರೋದು. ಮೂರು ವಾರಕ್ಕೆ ವಾಪಸ್ ಟಿಕೆಟ್ ಇದೆ, ಬಾ, ತೋರಿಸ್ತೀನಿ."

ಫೋನಿನಲ್ಲಿ ಟಿಕೆಟ್ ನೋಡಿದಳು. ಕೊನೆಗೆ ಸೂಟ್‌ಕೇಸಿನಿಂದ ಇಳಿದು, ತಾನು ಕೂತಿದ್ದ ಜಾಗದಲ್ಲಿ ಆ ಪುಸ್ತಕವನ್ನು ಇಟ್ಟಳು. ಮರುವಾರವೇ ಅದನ್ನು ಲೈಬ್ರರಿಗೆ ಹಿಂತಿರುಗಿಸಬೇಕಿತ್ತು. ಆದರೂ ಅದನ್ನು ಬಟ್ಟೆಗಳ ನಡುವೆ ಭದ್ರವಾಗಿ ಸರಿಸಿದೆ.

"ಆಸ್ಪತ್ರೇಲಿ ಅಜ್ಜಿಗೆ ಓದು," ಎಂದಳು, ಈ ಸಲ ಕನ್ನಡದಲ್ಲಿ. "ಆದ್ರೆ ಅಜ್ಜಿಗೆ ಗಂಜಿ ಕಥೇನೇ ಹೇಳು."